‘ಇಷ್ಟವಾಯಿತು’ ಎಂದ ಮೇಲೆ ಮುಂದೇನು?

ಸಿನಿಮಾ ಮತ್ತು ಪುಸ್ತಕಗಳ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಯಾವುದನ್ನು ನೋಡಬೇಕು, ಯಾವುದನ್ನು ಓದಬೇಕು ಎಂದು ಕೇಳುತ್ತವೆ. ಈ ಬಾರಿಯ ಪತ್ರಗಳ ಧಾಟಿ ಬೇರೆ. ನೋಡಿದ್ದರ, ಓದಿದ್ದರ ಬಗ್ಗೆ ತಮ್ಮ ಮನಸ್ಸಿನಲ್ಲಿ ಏಳುವ ಭಾವನೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಈ ತರುಣ ಓದುಗರ ಪ್ರಶ್ನೆ. ಮೊದಲ ಪತ್ರವನ್ನು ಬರೆದವರು ಪದವಿ ತರಗತಿಯ ವಿದ್ಯಾರ್ಥಿನಿ. ಅವರು ಒಂದೇ ಪತ್ರದಲ್ಲಿ ಕೇಳಿದ್ದನ್ನು ಬಿಡಿಸಿ ಉತ್ತರಿಸಿದ್ದೇನೆ. ಉಳಿದವರ ಪ್ರಶ್ನೆಗಳು ಅನಂತರ ಬರುತ್ತವೆ.

ಪ್ರಶ್ನೆ: ನೋಡಿದ ಪ್ರತಿಯೊಂದು ಸಿನಿಮಾ, ಓದಿದ ಪ್ರತಿಯೊಂದು ಪುಸ್ತಕದ ಬಗ್ಗೆ ನನ್ನ ಅನಿಸಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಜಗತ್ತಿನ ಅತ್ಯುತ್ತಮ ಚಿತ್ರವೆಂದು ವಿಮರ್ಶಕರು ಆರಿಸಿರುವ ‘ಜಾನ್ ಡೀಲ್ಮನ್’ ನೋಡಿದೆ, ವಿಪರೀತ ಬೇಸರವಾಯಿತು. ಅದೇ ದಿನಗಳಲ್ಲಿ, ಯಾರೂ ದೊಡ್ಡ ಚಿತ್ರವೆಂದು ಕರೆಯದ ಒಂದು ಜನಪ್ರಿಯ ಸಿನಿಮಾದಲ್ಲಿ ತಂದೆ ಮಗಳನ್ನು ಬೀಳ್ಕೊಡುವ ದೃಶ್ಯ ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ಎರಡನ್ನೂ ಇದ್ದಂತೆಯೇ ಬರೆದೆನಾದರೂ ಆ ಪುಟಗಳನ್ನು ಗೆಳತಿಯರಿಗೆ ತೋರಿಸಲು ಸಂಕೋಚವಾಗುತ್ತಿದೆ. ನನ್ನ ಅಭಿರುಚಿಯಲ್ಲೇ ಏನಾದರೂ ಕೊರತೆಯಿದೆಯೇ?

ಉತ್ತರ: ‘ನನಗೆ ಬೇಸರವಾಯಿತು’ ಎಂಬುದು ನಡೆದುಹೋದ ಸಂಗತಿ. ಅದನ್ನು ಯಾರೂ ಸುಳ್ಳೆನ್ನಲಾರರು, ಅದಕ್ಕಾಗಿ ನೀವು ನಾಚಿಕೊಳ್ಳಬೇಕಾಗಿಯೂ ಇಲ್ಲ. ‘ಚಿತ್ರ ಬೇಸರದ್ದು’ ಎಂದು ಬರೆದರೆ ಮಾತ್ರ ಅದು ತೀರ್ಪಾಗುತ್ತದೆ, ತೀರ್ಪಿಗೆ ಪರದೆಯ ಮೇಲಿನಿಂದಲೇ ಆಧಾರ ಒದಗಿಸಬೇಕಾಗುತ್ತದೆ. ತರುಣರ ಬರವಣಿಗೆಯಲ್ಲಿ (ಹಿರಿಯರ ಬರವಣಿಗೆಯಲ್ಲಿಯೂ ಇದೇನು ಕಡಿಮೆಯಿಲ್ಲ) ಮೊದಲನೆಯ ಮಾತು ಎಷ್ಟೋ ಸಲ ಎರಡನೆಯದರ ವೇಷ ತೊಟ್ಟು ಬರುತ್ತದೆ. ನಿಮ್ಮ ಟಿಪ್ಪಣಿಗಳಲ್ಲಿ ಹಾಗಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಸಂಕೋಚಪಡುವುದಿದ್ದರೆ ಅಷ್ಟಕ್ಕೆ ಮಾತ್ರ ಪಡಿ.

ವಿಮರ್ಶಕರ ಆಯ್ಕೆಗೆ ಹೆದರಬೇಕಾಗಿಲ್ಲ. ನೀವು ಪ್ರಸ್ತಾಪಿಸಿರುವುದು ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುತ್ತಿರುವ ಮತದಾನವನ್ನು. ಮೊದಲ ಸಲ ಅಗ್ರಸ್ಥಾನ ಪಡೆದ ‘ಬೈಸಿಕಲ್ ಥೀವ್ಸ್’ ಮುಂದಿನ ದಶಕಗಳಲ್ಲಿ ಮೊದಲ ಹತ್ತರ ಪಟ್ಟಿಯಿಂದಲೇ ಹೊರಬಿತ್ತು. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಅಲುಗಾಡದೆ ಕುಳಿತಿತ್ತು. 1958ರಲ್ಲಿ ಬಿಡುಗಡೆಯಾದ ‘ವರ್ಟಿಗೊ’ ಮೊದಲ ಹತ್ತರೊಳಗೆ ಕಾಲಿಟ್ಟಿದ್ದೇ 1982ರಲ್ಲಿ, ಅಗ್ರಸ್ಥಾನಕ್ಕೆ ಬಂದಿದ್ದು 2012ರಲ್ಲಿ. ‘ಜಾನ್ ಡೀಲ್ಮನ್’ 2022ರಲ್ಲಿ ಮೊದಲನೆಯದಾಯಿತು. ಈ ಚಿತ್ರಗಳ ಒಂದು ಚೌಕಟ್ಟೂ ಈ ನಡುವೆ ಬದಲಾಗಿಲ್ಲ. ಬದಲಾದದ್ದು ಮತ ಹಾಕಿದವರು, ಅವರ ಕಾಲ ಮತ್ತು ಅವರ ಪ್ರಶ್ನೆಗಳು.

ಹಾಗೆಂದು ನಿಮ್ಮ ಬೇಸರವನ್ನು ಅಲ್ಲಿಗೇ ಬಿಡುವುದೂ ಸರಿಯಲ್ಲ. ಶಾಂತಾಲ್ ಆಕರ್ಮನ್ ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, 1975ರಲ್ಲಿ ತೆಗೆದ ಈ ಚಿತ್ರದ ಅವಧಿ 201 ನಿಮಿಷ. ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸವನ್ನು ಕ್ಯಾಮೆರಾ ಅಲುಗಾಡದೆ ನಿಂತು ತೋರಿಸುತ್ತದೆ. ಬೇರೆ ಚಿತ್ರಗಳು ಎರಡು ಸೆಕೆಂಡಿನಲ್ಲಿ ದಾಟಿಬಿಡುವ ಪಾತ್ರೆ ತೊಳೆಯುವಿಕೆಯನ್ನು, ಶೂ ಉಜ್ಜುವಿಕೆಯನ್ನು ಇದು ಕತ್ತರಿಸದೆ ಇಡುತ್ತದೆ. ಅದರಿಂದಾಗುವ ಪರಿಣಾಮ ವಿಚಿತ್ರವಾದುದು: ಮೊದಲ ದಿನದ ಕ್ರಮ ನಮಗೆ ಅರಿವಿಲ್ಲದಂತೆ ಬಾಯಿಪಾಠವಾಗಿಬಿಡುವುದರಿಂದ, ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋದಾಗ, ಅವಳ ತಲೆಗೂದಲು ಕೊಂಚ ಕೆದರಿದಾಗ, ಏನೋ ಅನಾಹುತವಾಗುತ್ತಿದೆ ಎಂದು ನೋಡುವವರಿಗೆ ಗಾಬರಿಯಾಗುತ್ತದೆ. ಬೇಸರವಿಲ್ಲದೆ ಆ ಗಾಬರಿ ಹುಟ್ಟದು. ನಿಮಗೆ ಅಂಥ ಕ್ಷಣವೊಂದು ಬಂದಿತೇ, ಅಥವಾ ಅದಕ್ಕೂ ಮೊದಲೇ ನೀವು ನೋಡುವುದನ್ನು ಬಿಟ್ಟು ಬೇರೇನನ್ನೋ ಯೋಚಿಸತೊಡಗಿದ್ದಿರೇ? ‘ಬೇಸರವಾಯಿತು’ ಎಂಬ ಸಾಲಿನ ಕೆಳಗೆ ಅದನ್ನೂ ಬರೆದಿದ್ದರೆ ಟಿಪ್ಪಣಿಗೆ ಇನ್ನಷ್ಟು ಬೆಲೆ ಬರುತ್ತಿತ್ತು. ಗಾಬರಿ ಬರಲೇ ಇಲ್ಲವೆಂದರೆ ಅದನ್ನೂ ಬರೆಯಿರಿ, ಅದೂ ಚಿತ್ರದ ಬಗ್ಗೆ ಒಂದು ಮಾಹಿತಿಯೇ.

ಅಳುವಿನ ವಿಷಯ ಇದಕ್ಕಿಂತ ಜಟಿಲವಾದುದು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸುಮಾರು ಸಾವಿರ ವರ್ಷಗಳ ಹಿಂದೆಯೇ ಪಟ್ಟಿ ಮಾಡಿದ್ದಾನೆ. ಕಥೆ ನಂಬಲರ್ಹವೆನಿಸದಿರುವುದು ಅವುಗಳಲ್ಲಿ ಒಂದು. ನೋಡುವವನು ತನ್ನದೇ ಸುಖದುಃಖಗಳಲ್ಲಿ ಮುಳುಗಿಹೋಗುವುದು ಇನ್ನೊಂದು. 1929ರಲ್ಲಿ ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಪ್ರಕಟಿಸಿದ ಪುಸ್ತಕವೊಂದು ಬೇರೆ ದಾರಿಯಿಂದ ಇಲ್ಲಿಗೇ ಬಂದು ನಿಲ್ಲುತ್ತದೆ. ಕೇಂಬ್ರಿಜ್‌ನಲ್ಲಿ ಅವರು ಕವಿಗಳ ಹೆಸರು ತಿಳಿಸದೆ ಕವಿತೆಗಳನ್ನು ಹಂಚಿ, ಓದಿದವರು ಬರೆದುಕೊಟ್ಟ ಪ್ರತಿಕ್ರಿಯೆಗಳನ್ನು ಸಂಗ್ರಹಿಸಿ ಪರಿಶೀಲಿಸಿದರು. ಹಲವರು ಕವಿತೆಗೆ ಸ್ಪಂದಿಸುವ ಬದಲು ಅದು ಕೆದಕಿದ ಸ್ವಂತ ನೆನಪಿಗೆ ಸ್ಪಂದಿಸಿದ್ದರು. ಇನ್ನು ಕೆಲವರು ‘ತಾಯಿ’, ‘ಸಾವು’, ‘ವಿದಾಯ’ ಎಂದೊಡನೆ ಮನಸ್ಸಿನಲ್ಲಿ ಸಿದ್ಧವಾಗಿದ್ದ ಭಾವನೆಯನ್ನೇ ಹೊರತೆಗೆದಿದ್ದರು. ತಂದೆ ಮಗಳನ್ನು ಬೀಳ್ಕೊಡುವ ದೃಶ್ಯ ಇಂಥ ಸಿದ್ಧಭಾವನೆಯನ್ನು ಬಹಳ ಸುಲಭವಾಗಿ ತಟ್ಟುತ್ತದೆ. ನೀವು ಆ ತಂದೆಗಾಗಿ ಅತ್ತಿರೋ, ನಿಮ್ಮ ತಂದೆಗಾಗಿ ಅತ್ತಿರೋ?

ಎರಡನೆಯದಾಗಿದ್ದರೆ ತಪ್ಪೇನಿಲ್ಲ. ಸ್ವಂತ ನೆನಪನ್ನು ವಿಘ್ನವೆಂದು ಕರೆಯುವುದರಲ್ಲಿ ಶಾಸ್ತ್ರಕಾರರು ಕೊಂಚ ಬಿಗಿಯಾದರೆಂದೇ ನನ್ನ ಭಾವನೆ, ಏಕೆಂದರೆ ನೆನಪಿನ ಹಂಗೇ ಇಲ್ಲದ ನೋಡುಗ ಎಲ್ಲಿಯೂ ಇಲ್ಲ. ಆದರೆ ನೆನಪು ಕೊಟ್ಟದ್ದು ಯಾವುದು, ಚಿತ್ರ ಕೊಟ್ಟದ್ದು ಯಾವುದು ಎಂದು ಎರಡು ಕಡೆ ಬರೆದಿಟ್ಟುಕೊಳ್ಳುವುದು ಸಾಧ್ಯ. ಚಿತ್ರ ಕೊಟ್ಟದ್ದನ್ನು ಹುಡುಕುವಾಗ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ನೆನಪಿಡಿ. ಅವರ ಶಿಷ್ಯ ಪುಡೋವ್ಕಿನ್ ಬರೆದಿರುವ ವಿವರಣೆಯ ಪ್ರಕಾರ, ನಟ ಮೊಝುಖಿನ್‌ನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಒಮ್ಮೆ ಶವಪೆಟ್ಟಿಗೆಯೊಂದಿಗೆ, ಒಮ್ಮೆ ಆಡುತ್ತಿರುವ ಮಗುವಿನೊಂದಿಗೆ ಜೋಡಿಸಿ ತೋರಿಸಿದಾಗ, ಪ್ರೇಕ್ಷಕರು ಅವನ ಅಭಿನಯದಲ್ಲಿ ಹಸಿವು, ದುಃಖ, ವಾತ್ಸಲ್ಯಗಳನ್ನು ಕಂಡು ಮೆಚ್ಚಿದರಂತೆ. ನೀವು ಅತ್ತ ದೃಶ್ಯವನ್ನು ಇನ್ನೊಮ್ಮೆ ನೋಡಿ. ತಂದೆಯ ಮುಖಕ್ಕೆ ಮುಂಚೆ ಯಾವ ಶಾಟ್ ಇತ್ತು? ಸಂಗೀತ ಶುರುವಾದದ್ದು ಅವನ ಕಣ್ಣು ತುಂಬುವ ಮೊದಲೋ, ಆಮೇಲೋ? ಮೊದಲೇ ಎಂದಾದರೆ, ಅಳಬೇಕೆಂಬ ಸೂಚನೆ ನಿಮಗೆ ಮುಂಚಿತವಾಗಿಯೇ ಬಂದಿತ್ತು.

ಪ್ರಶ್ನೆ: ಸಿನಿಮಾ ತಂತ್ರವನ್ನಾಗಲಿ ಸಾಹಿತ್ಯ ವಿಮರ್ಶೆಯನ್ನಾಗಲಿ ನಾನು ಕ್ರಮವಾಗಿ ಕಲಿತವಳಲ್ಲ. ಹೀಗಿರುವಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವ ಅಧಿಕಾರ ನನಗುಂಟೇ?

ಉತ್ತರ: ಉಂಟು. ಕುರಿತೋದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಎಂದು ಕವಿರಾಜಮಾರ್ಗ ಈ ನಾಡಿನವರನ್ನು ಹೊಗಳಿದ್ದನ್ನು ನಾವು ಆಗಾಗ ಹೆಮ್ಮೆಯಿಂದ ನೆನೆಯುತ್ತೇವೆ. ಓದದೆಯೂ ಪರಿಣತಿ ಬರಬಹುದು ಎಂದಿತೇ ಹೊರತು ಪರಿಣತಿಯೇ ಬೇಡವೆಂದು ಆ ಗ್ರಂಥವೇನೂ ಹೇಳಲಿಲ್ಲ. ಕಾವ್ಯದ ಸತತ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾದವನೇ ಸಹೃದಯ ಎಂದು ಅಭಿನವಗುಪ್ತ ಹೇಳಿದ್ದೂ ಈ ಅರ್ಥದಲ್ಲಿಯೇ. ಪದವಿ ಪ್ರಮಾಣಪತ್ರದ ಮಾತು ಎರಡೂ ಕಡೆ ಇಲ್ಲ. ನಿಮ್ಮ ನೋಟ್‌ಬುಕ್ಕೇ ಆ ಅಭ್ಯಾಸ. ಮುಂದೆ ಪ್ರಸಿದ್ಧ ನಿರ್ದೇಶಕರಾದ ಫ್ರಾಂಸ್ವಾ ತ್ರುಫೊ ಫ್ರೆಂಚ್ ಚಿತ್ರರಂಗದ ಗಣ್ಯ ಚಿತ್ರಕಥೆಗಾರರನ್ನು ಖಂಡಿಸಿ ‘ಕಾಯೆ ದು ಸಿನೆಮಾ’ ಪತ್ರಿಕೆಯಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದು 1954ರ ಜನವರಿಯಲ್ಲಿ, 22 ವರ್ಷ ತುಂಬುವುದಕ್ಕೆ ಮೊದಲು. ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ತೆರೆಗೆ ಬಂದದ್ದು ಐದು ವರ್ಷಗಳ ಅನಂತರ. ಆ ಲೇಖನವನ್ನು ಇಂದಿಗೂ ಓದುವುದು ಬರೆದವನ ವಯಸ್ಸಿಗಾಗಿ ಅಲ್ಲ. ಅದು ಹೆಸರು ಹಿಡಿದು, ದೃಶ್ಯ ಹಿಡಿದು, ಕಾರಣ ಕೊಟ್ಟು ಜಗಳವಾಡುತ್ತದೆ ಎಂಬ ಕಾರಣಕ್ಕೆ.

ಪ್ರಶ್ನೆ: ತ.ರಾ.ಸು. ಅವರ ಕಾದಂಬರಿಗಳನ್ನು ಓದಿ ಮುಗಿಸಿ ‘ನಾಗರಹಾವು’ ಚಿತ್ರವನ್ನು ನೋಡಿದೆ. ಪುಸ್ತಕದಲ್ಲಿ ನನಗೆ ಪ್ರಿಯವಾದ ಎಷ್ಟೋ ಪ್ರಸಂಗಗಳು ಚಿತ್ರದಲ್ಲಿ ಇಲ್ಲವೇ ಇಲ್ಲ. ‘ಪುಸ್ತಕವೇ ಮೇಲು, ಚಿತ್ರ ಅದಕ್ಕೆ ಅನ್ಯಾಯ ಮಾಡಿದೆ’ ಎಂದು ಬರೆದುಕೊಂಡೆ. ಪುಸ್ತಕ ಓದಿರದ ನನ್ನ ಅಣ್ಣ ಆ ಚಿತ್ರವನ್ನು ಕನ್ನಡದ ಅತ್ಯುತ್ತಮ ಚಿತ್ರಗಳಲ್ಲಿ ಒಂದೆನ್ನುತ್ತಾನೆ. ನಮ್ಮಿಬ್ಬರಲ್ಲಿ ಯಾರದು ಸರಿ?

ಉತ್ತರ: 1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರಕ್ಕೆ ಆಧಾರವಾದದ್ದು ಒಂದು ಕಾದಂಬರಿಯಲ್ಲ, ಮೂರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’. ಮೂರು ಕಾದಂಬರಿಗಳನ್ನು ಒಂದು ಪ್ರದರ್ಶನದ ಅವಧಿಗೆ ಇಳಿಸಲು ಹೊರಟವರು ಬಿಡದೆ ಬೇರೆ ದಾರಿಯಿರಲಿಲ್ಲ. ಆದ್ದರಿಂದ ‘ಇದಿಲ್ಲ, ಅದಿಲ್ಲ’ ಎಂಬ ಪಟ್ಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಂಥ ಮಹಾಚಿತ್ರದ ಬಗ್ಗೆಯೂ ಅಂಥ ಪಟ್ಟಿಯನ್ನು ಮಾಡಬಹುದು. ಬಿಟ್ಟದ್ದರ ಜಾಗದಲ್ಲಿ ಏನನ್ನು ಇಟ್ಟಿದ್ದಾರೆ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಮೇಲೆ ಹೇಳಿದ ತ್ರುಫೊ ಅವರ ಜಗಳವೂ ಇದೇ ಆಗಿತ್ತು: ಕಾದಂಬರಿಯ ಕೆಲವು ದೃಶ್ಯಗಳು ಚಿತ್ರೀಕರಣಕ್ಕೆ ಒಗ್ಗುವುದಿಲ್ಲ ಎಂದು ತಾವೇ ತೀರ್ಮಾನಿಸಿ, ಅವುಗಳಿಗೆ ಸಮಾನವೆಂದು ತಮಗೆ ತೋರಿದ್ದನ್ನು ಚಿತ್ರಕಥೆಗಾರರು ಸೇರಿಸುತ್ತಾರೆ, ಹೀಗೆ ಸೇರಿಸಿದ್ದು ಮೂಲದ ಮನೋಧರ್ಮಕ್ಕೆ ವಿರುದ್ಧವಾಗಿರುತ್ತದೆ ಎಂಬುದು ಅವರ ಆಕ್ಷೇಪ.

ನಿಮ್ಮ ಅಸಮಾಧಾನದಲ್ಲಿ ನೀವು ಒಬ್ಬಂಟಿಯೇನಲ್ಲ. ತ.ರಾ.ಸು. ಅವರಿಗೇ ಈ ಚಿತ್ರ ಒಪ್ಪಿಗೆಯಾಗಿರಲಿಲ್ಲ ಎಂಬ ಮಾತು ಬಹುಕಾಲದಿಂದ ಪ್ರಚಲಿತದಲ್ಲಿದೆ. ಸ್ಟೀಫನ್ ಕಿಂಗ್ ತಮ್ಮ 1977ರ ‘ದಿ ಶೈನಿಂಗ್’ ಕಾದಂಬರಿಯನ್ನು ಸ್ಟಾನ್ಲಿ ಕುಬ್ರಿಕ್ 1980ರಲ್ಲಿ ಚಿತ್ರವಾಗಿಸಿದ ರೀತಿಯನ್ನು ಬಹಿರಂಗವಾಗಿಯೇ ಹಳಿದರು, 1997ರಲ್ಲಿ ತಾವೇ ಚಿತ್ರಕಥೆ ಬರೆದು ಕಿರುತೆರೆಗೆ ಅದನ್ನು ಮತ್ತೊಮ್ಮೆ ತಂದರು. ಮೂಲಕ್ಕೆ ನಿಷ್ಠವಾದ ಆ ಆವೃತ್ತಿಯನ್ನು ಇಂದು ನೆನಪಿಸಿಕೊಳ್ಳುವವರು ಕಡಿಮೆ. ಕುಬ್ರಿಕ್ ಅವರದನ್ನು ಜನ ಈಗಲೂ ನೋಡುತ್ತಾರೆ. ಬರೆದವರ ಅಸಮ್ಮತಿಗೆ ಗೌರವ ಕೊಡೋಣ, ಆದರೆ ಚಿತ್ರದ ವಿಷಯದಲ್ಲಿ ಅದೇ ಕೊನೆಯ ಮಾತಾಗಲಾರದು.

ಎರಡು ಮಾಧ್ಯಮಗಳ ಕೈಗೆ ಎಟಕುವುದು ಯಾವುದು, ಎಟಕದಿರುವುದು ಯಾವುದು ಎಂದು ಸ್ವಲ್ಪ ಯೋಚಿಸಿದರೆ ನಿಮ್ಮ ಟಿಪ್ಪಣಿಯ ಧಾಟಿ ಬದಲಾಗಬಹುದು. ‘ಅವನು ಪ್ರತಿದಿನ ಸಂಜೆ ಅವಳ ಮನೆಯ ಮುಂದೆ ಹಾದುಹೋಗುತ್ತಿದ್ದ’ ಎಂದು ಕಾದಂಬರಿಕಾರ ಒಂದೇ ವಾಕ್ಯದಲ್ಲಿ ಬರೆದುಬಿಡುತ್ತಾನೆ. ಕ್ಯಾಮೆರಾಕ್ಕೆ ‘ಪ್ರತಿದಿನ’ವನ್ನು ತೋರಿಸಲು ಬರುವುದಿಲ್ಲ, ಅದು ತೋರಿಸಬಲ್ಲದ್ದು ಯಾವುದೋ ಒಂದು ಸಂಜೆಯನ್ನು ಮಾತ್ರ. ಆ ಸಂಜೆ ಎಲ್ಲ ಸಂಜೆಗಳ ಪರವಾಗಿ ನಿಲ್ಲುವಂತೆ ಮಾಡುವುದು ನಿರ್ದೇಶಕನ ಕೆಲಸ. ಕಾದಂಬರಿ ಒಂದಾದ ಮೇಲೊಂದರಂತೆ ಹೇಳಬೇಕಾದ ಮುಖ, ಕೋಣೆ, ಬೆಳಕು, ಹೊರಗಿನ ಸದ್ದುಗಳನ್ನು ಚಿತ್ರವಾದರೋ ಒಂದೇ ಏಟಿಗೆ ಮುಂದಿಡುತ್ತದೆ. ಇದರಲ್ಲಿ ಒಂದು ನಷ್ಟವೂ ಇದೆ. ನೀವು ಓದುತ್ತ ಕಲ್ಪಿಸಿಕೊಂಡ ರಾಮಾಚಾರಿಗೆ ನಿಮ್ಮದೇ ಆದ ಮುಖವೊಂದಿತ್ತು. ನಿಮ್ಮ ಅಣ್ಣ ಈಗ ಕಾದಂಬರಿ ಓದಲು ಕುಳಿತರೆ ಅವರಿಗೆ ಮೊದಲ ಪುಟದಿಂದಲೇ ವಿಷ್ಣುವರ್ಧನ್ ಅವರ ಮುಖವೇ ಕಾಣಿಸುತ್ತದೆ. ನಿಮ್ಮ ಬೇಸರದ ಒಂದು ಪಾಲು ಬಹುಶಃ ಆ ಕಲ್ಪನೆಯ ಮುಖವನ್ನು ಕಳೆದುಕೊಂಡದ್ದರಿಂದಲೇ ಬಂದದ್ದು. ಅದನ್ನು ಪುಟ್ಟಣ್ಣನವರ ದೋಷಗಳ ಖಾತೆಗೆ ಹಾಕಬೇಡಿ.

ಅಳವಡಿಕೆಯೆಂದರೆ ಏನೆಂದು ತಿಳಿಯಬೇಕಾದರೆ ಸತ್ಯಜಿತ್ ರಾಯ್ ಅವರ ‘ಚಾರುಲತಾ’ವನ್ನು (1964) ಟಾಗೋರರ ‘ನಷ್ಟನೀಡ’ದ ಪಕ್ಕದಲ್ಲಿಟ್ಟು ನೋಡಿ, ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಚಿತ್ರದ ಆರಂಭದ ಕೆಲವು ನಿಮಿಷಗಳಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಚಾರು ಕಿಟಕಿಯಿಂದ ಕಿಟಕಿಗೆ ಓಡಾಡುತ್ತ ಪುಟ್ಟ ದುರ್ಬೀನಿನಲ್ಲಿ ಬೀದಿಯನ್ನು ನೋಡುತ್ತಾಳೆ. ಗಂಡ ಭೂಪತಿ ಪುಸ್ತಕದಲ್ಲಿ ಮುಳುಗಿ, ಅವಳು ಅಲ್ಲಿರುವುದನ್ನೂ ಗಮನಿಸದೆ ಹಾದುಹೋದಾಗ ಅದೇ ದುರ್ಬೀನನ್ನು ಅವನತ್ತ ತಿರುಗಿಸುತ್ತಾಳೆ. ಅವಳ ಒಂಟಿತನವನ್ನು ಕಥೆಗಾರ ವಾಕ್ಯಗಳಲ್ಲಿ ಹೇಳಬೇಕಾಗಿತ್ತು, ರಾಯ್ ಅದನ್ನು ಒಂದು ಸಾಮಗ್ರಿಯಿಂದ ಮಾಡಿಸಿದರು. ಕೊನೆಯನ್ನಂತೂ ಬದಲಿಸಿಯೇಬಿಟ್ಟರು. ಕಥೆಯಲ್ಲಿ ಭೂಪತಿ ಪತ್ರಿಕೆಯೊಂದರ ಕೆಲಸಕ್ಕಾಗಿ ಮೈಸೂರಿಗೆ ಹೊರಡುತ್ತಾನೆ (ಟಾಗೋರರ ಕಥೆಯ ಇಷ್ಟು ಮುಖ್ಯವಾದ ತಿರುವಿನಲ್ಲಿ ನಮ್ಮ ಮೈಸೂರು ಇರುವುದು ಅನೇಕರಿಗೆ ತಿಳಿದಿಲ್ಲ). ತನ್ನನ್ನೂ ಕರೆದೊಯ್ಯೆಂದು ಚಾರು ಬೇಡುತ್ತಾಳೆ, ಅವನು ಹಿಂಜರಿಯುತ್ತಾನೆ, ಆಮೇಲೆ ಬಾ ಎನ್ನುತ್ತಾನೆ, ಆಗ ಅವಳೇ ಬೇಡವೆನ್ನುತ್ತಾಳೆ. ಚಿತ್ರದಲ್ಲಿ ಮೈಸೂರೂ ಇಲ್ಲ, ಆ ಮಾತುಗಳೂ ಇಲ್ಲ; ಪರಸ್ಪರ ಚಾಚಿದ ಎರಡು ಕೈಗಳು ಕೂಡುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಕಥೆಯಲ್ಲಿದ್ದ ಹಿಂಜರಿಕೆ ಮಾತ್ರ ಅಲ್ಲಿ ಪೂರ್ತಿಯಾಗಿ ಉಳಿದಿದೆ.

ನಮ್ಮವರೇ ಆದ ಗಿರೀಶ ಕಾಸರವಳ್ಳಿಯವರು ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ತೆಗೆದ ‘ಘಟಶ್ರಾದ್ಧ’ವನ್ನೂ ಹೀಗೆಯೇ ಓದಿ, ನೋಡಿ. ತರುಣ ವಿಧವೆ ಯಮುನೆಗೆ ಆಗುವುದನ್ನು ಪೂರ್ತಿ ಅರ್ಥಮಾಡಿಕೊಳ್ಳಲಾರದ ಹುಡುಗ ನಾಣಿಯ ಕಣ್ಣಿನಿಂದ ನಾವು ನೋಡಬೇಕು, ಆದರೆ ನಮಗೆ ಅವನಿಗಿಂತ ಹೆಚ್ಚು ಅರ್ಥವಾಗಬೇಕು. ಈ ಅಂತರವನ್ನು ಗದ್ಯ ಹೇಗೆ ನಿಭಾಯಿಸುತ್ತದೆ, ಕ್ಯಾಮೆರಾ ಹೇಗೆ ನಿಭಾಯಿಸುತ್ತದೆ ಎಂದು ಒಂದು ಪುಟ ಬರೆಯಲು ಪ್ರಯತ್ನಿಸಿ. ಮೂಲವನ್ನು ಹಿಗ್ಗಿಸಿ ಬೆಸೆದವರೂ ಇದ್ದಾರೆ: ಜಪಾನಿನ ನಿರ್ದೇಶಕ ಕುರೊಸಾವ ಅವರ ‘ರಾಶೋಮನ್’ (1950) ಅದೇ ದೇಶದ ಕಥೆಗಾರ ಅಕುತಾಗಾವ ಅವರ ಒಂದು ಕಥೆಯಿಂದ ಹೆಸರನ್ನೂ ಪಾಳುಬಿದ್ದ ಹೆಬ್ಬಾಗಿಲನ್ನೂ, ಇನ್ನೊಂದು ಕಥೆಯಿಂದ ಕೊಲೆಯನ್ನೂ ಒಂದಕ್ಕೊಂದು ಹೊಂದದ ಸಾಕ್ಷ್ಯಗಳನ್ನೂ ಪಡೆಯಿತು.

ಯಾರದು ಸರಿ ಎಂಬ ಪ್ರಶ್ನೆಗೆ ಬರುವುದಾದರೆ, ನಿಮ್ಮ ಅಣ್ಣನವರು ಚಿತ್ರವನ್ನು ಚಿತ್ರವಾಗಿ ನೋಡಿದ್ದಾರೆ, ನೀವು ಅದನ್ನು ಪುಸ್ತಕದ ಸಾರಾಂಶವಾಗಿ ನೋಡಿದ್ದೀರಿ. ಈ ಸುತ್ತಿನಲ್ಲಿ ನನ್ನ ಒಲವು ಅವರ ಕಡೆಗಿದೆ. ಅವರು ಕಾದಂಬರಿಗಳನ್ನು ಓದಿದ ಮೇಲೆ ಇಬ್ಬರೂ ಮತ್ತೆ ಜಗಳವಾಡಿ.

ಪ್ರಶ್ನೆ: ಹಾಗಾದರೆ ಮೊದಲು ಪುಸ್ತಕ ಓದಬೇಕೋ, ಚಿತ್ರ ನೋಡಬೇಕೋ?

ಉತ್ತರ: ಪುಸ್ತಕವನ್ನೇ ಮೊದಲು ಓದಿ. ಓದುವಾಗ ನೀವು ಕಟ್ಟಿಕೊಳ್ಳುವ ಮುಖಗಳನ್ನು ಚಿತ್ರ ಅಳಿಸಬಲ್ಲದು, ಚಿತ್ರ ಒತ್ತಿಹೋದ ಮುಖವನ್ನು ಪುಸ್ತಕ ಅಳಿಸಲಾರದು. ಪತ್ತೇದಾರಿ ಕಥೆಗಳ ವಿಷಯದಲ್ಲಿ ಮಾತ್ರ ಯಾವುದು ಮೊದಲಾದರೂ ಎರಡನೆಯದರ ಕುತೂಹಲ ಹಾಳಾಗುತ್ತದೆ, ಅಲ್ಲಿ ನಿಮ್ಮಿಷ್ಟ.

ಪ್ರಶ್ನೆ: ನಾನು ಯಾವುದೇ ಚಿತ್ರಕ್ಕೆ ಹೋಗುವ ಮೊದಲು ವಿಮರ್ಶೆಗಳನ್ನೂ ರೇಟಿಂಗುಗಳನ್ನೂ ನೋಡುತ್ತೇನೆ. ಆಮೇಲೆ ನನ್ನ ಅಭಿಪ್ರಾಯ ನನ್ನದೋ ಅವರದೋ ಎಂದು ಗೊತ್ತಾಗುವುದಿಲ್ಲ. ವಿಮರ್ಶೆ ಓದುವುದನ್ನೇ ಬಿಡಬೇಕೇ?

ಉತ್ತರ: ಬಿಡಬೇಡಿ, ಸಮಯ ಬದಲಿಸಿ. ಚಿತ್ರ ಮುಗಿದ ಮೇಲೆ, ನಿಮ್ಮ ಟಿಪ್ಪಣಿಯನ್ನು ಬರೆದ ಮೇಲೆ ಎಷ್ಟು ಬೇಕಾದರೂ ಓದಿ. ನಿಮಗೆ ಒಪ್ಪಿಗೆಯಾಗದ ವಿಮರ್ಶೆಯನ್ನು ಮೊದಲು ಓದಿ. ನಿಮ್ಮ ಅಭಿಪ್ರಾಯ ಅದರೆದುರು ನಿಂತರೆ ಗಟ್ಟಿಯಾಗುತ್ತದೆ, ನಿಲ್ಲದಿದ್ದರೆ ತಿದ್ದಿಕೊಳ್ಳಲು ಅವಕಾಶವಾಗುತ್ತದೆ, ಎರಡರಲ್ಲಿಯೂ ಅದು ನಿಮ್ಮದೇ ಆಗಿ ಉಳಿಯುತ್ತದೆ.

ರೇಟಿಂಗುಗಳ ವಿಷಯದಲ್ಲಿ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಛಾಯಾಗ್ರಹಣ ಮೆಚ್ಚಿ ಕಥೆ ಮೆಚ್ಚದವನೂ, ಕಥೆ ಮೆಚ್ಚಿ ನಟನೆ ಮೆಚ್ಚದವಳೂ ಕೊಡುವುದು ಅದೇ ಮೂರು ನಕ್ಷತ್ರ. ಸಂಖ್ಯೆ ಬಂದೊಡನೆ ಕಾರಣಗಳು ಕಾಣೆಯಾಗುತ್ತವೆ. ಶೇಕಡಾವಾರು ಅಂಕಗಳಂತೂ ಇನ್ನಷ್ಟು ದಾರಿ ತಪ್ಪಿಸುತ್ತವೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ‘ರಾಟನ್ ಟೊಮೇಟೋಸ್’ ತೋರಿಸುವ ಶೇಕಡಾವನ್ನು ಪರೀಕ್ಷೆಯ ಅಂಕದಂತೆ ಓದುವವರೇ ಹೆಚ್ಚು, ಆದರೆ ಅದು ತಿಳಿಸುವುದು ವಿಮರ್ಶಕರಲ್ಲಿ ಎಷ್ಟು ಮಂದಿ ಒಟ್ಟಾರೆ ಅನುಕೂಲವಾಗಿ ಬರೆದಿದ್ದಾರೆ ಎಂಬುದನ್ನಷ್ಟೇ. ಎಲ್ಲರಿಗೂ ‘ಪರವಾಗಿಲ್ಲ’ ಎನಿಸಿದ ಚಿತ್ರ ಅಲ್ಲಿ ನೂರಕ್ಕೆ ನೂರು ಪಡೆಯಬಹುದು. ಅರ್ಧ ಜನ ತಲೆಯ ಮೇಲೆ ಹೊತ್ತು, ಇನ್ನರ್ಧ ಜನ ಸಿಟ್ಟಿಗೆದ್ದ ಚಿತ್ರ ಐವತ್ತರಲ್ಲಿ ನಿಲ್ಲಬಹುದು. ನಿಮ್ಮ ವಯಸ್ಸಿನಲ್ಲಿ ನೋಡಬೇಕಾದದ್ದು ಎರಡನೆಯ ಬಗೆಯ ಚಿತ್ರಗಳನ್ನೇ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ಪ್ರಾಣದಂತೆ ಪ್ರೀತಿಸಿದ ಒಂದು ಚಿತ್ರವನ್ನೂ ಒಂದು ಕಾದಂಬರಿಯನ್ನೂ ಈಗ ಮತ್ತೆ ತೆಗೆದರೆ ಎರಡೂ ಬಾಲಿಶವಾಗಿ ಕಾಣುತ್ತಿವೆ. ಹಳೆಯ ಟಿಪ್ಪಣಿಗಳನ್ನು ಹರಿದುಹಾಕಲೇ? ಒಂದು ಚಿತ್ರವನ್ನು ಎಷ್ಟು ಸಲ ನೋಡಬೇಕು?

ಉತ್ತರ: ಹರಿಯಬೇಡಿ. ಅಂದು ಆ ಚಿತ್ರ ನಿಮಗೆ ಕೊಟ್ಟದ್ದು ಸುಳ್ಳಾಗಿರಲಿಲ್ಲ. ಹಳೆಯ ಟಿಪ್ಪಣಿಯ ಕೆಳಗೆ ದಿನಾಂಕ ಹಾಕಿ ಹೊಸದನ್ನು ಬರೆಯಿರಿ. ಎರಡರ ನಡುವೆ ಬದಲಾದದ್ದು ಏನೆಂದು ಹುಡುಕುವುದು ಹೊಸ ಚಿತ್ರವೊಂದನ್ನು ನೋಡಿದಷ್ಟೇ ಲಾಭದಾಯಕ. ಬಾಲಿಶವೆನಿಸಿದ್ದು ಸಂಭಾಷಣೆಯೋ, ನಾಯಕನ ನಡತೆಯೋ, ಹೆಂಗಸರನ್ನು ಚಿತ್ರಿಸಿದ ರೀತಿಯೋ? ನನ್ನ ಊಹೆಯಲ್ಲಿ ಮೂರನೆಯದೇ ಹೆಚ್ಚು ಸಂಭವ, ಏಕೆಂದರೆ ಜನಪ್ರಿಯ ಕಥೆಗಳಲ್ಲಿ ಬೇಗ ಹಳಸುವುದು ಅದೇ.

ಎಷ್ಟು ಸಲ ಎಂಬುದಕ್ಕೆ ದೊಡ್ಡವರಲ್ಲೇ ಒಮ್ಮತವಿಲ್ಲ. ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಚಿತ್ರವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ನೋಡುತ್ತಿದ್ದರು. ಮೊದಲ ನೋಟದ ಬಿಸಿಯನ್ನೇ ಅವರು ನಂಬಿದ್ದರು, ಅವರ ಬರಹದ ಬಿಸಿಯೂ ಅಲ್ಲಿಂದಲೇ ಬಂದದ್ದು. ಅದೇ ದೇಶದ ರೋಜರ್ ಈಬರ್ಟ್, 1975ರಲ್ಲಿ ವಿಮರ್ಶೆಗಾಗಿ ಪುಲಿಟ್ಜರ್ ಪಡೆದವರು, ಬೋಲ್ಡರ್ ನಗರದ ವಾರ್ಷಿಕ ಸಮ್ಮೇಳನದಲ್ಲಿ ಸಭಿಕರೊಂದಿಗೆ ಕುಳಿತು ಒಂದೇ ಚಿತ್ರವನ್ನು ಹಲವು ದಿನ ತುಣುಕು ತುಣುಕಾಗಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಬಹುದಿತ್ತು. ಇಬ್ಬರನ್ನೂ ಅನುಸರಿಸಲು ನಿಮಗೆ ಅಡ್ಡಿಯಿಲ್ಲ. ಮೊದಲ ನೋಟದ ಟಿಪ್ಪಣಿಯನ್ನು ಕೇಲ್ ಅವರಂತೆ ಬರೆದು, ಬಹಳ ಇಷ್ಟವಾದ ಅಥವಾ ಬಹಳ ಸಿಟ್ಟು ತರಿಸಿದ ಒಂದೆರಡು ಚಿತ್ರಗಳನ್ನು ಈಬರ್ಟ್ ಅವರಂತೆ ಬಿಡಿಸಿ ನೋಡಿ. ಎಲ್ಲ ಚಿತ್ರಗಳಿಗೂ ಅಷ್ಟು ಆಯುಷ್ಯ ಖರ್ಚು ಮಾಡುವುದು ವ್ಯರ್ಥ.

ಪ್ರಶ್ನೆ: ಟಿಪ್ಪಣಿ ಬರೆಯಲು ಕುಳಿತರೆ ಕಥೆಯನ್ನು ಸಂಕ್ಷೇಪಿಸಿ, ಕೊನೆಗೆ ‘ಮನಮುಟ್ಟುವಂತಿದೆ’ ಎಂದು ಸೇರಿಸಿ ಮುಗಿಸಿಬಿಡುತ್ತೇನೆ. ಬೇರೆ ಏನು ಬರೆಯಬಹುದು?

ಉತ್ತರ: ಕಥೆಯನ್ನು ಬರೆಯಲೇಬೇಡಿ, ನಿಮಗೆ ಅದು ಗೊತ್ತಿದೆ, ಓದುವವರೂ ನೀವೇ. ಚಿತ್ರ ಮುಗಿದ ಮರುದಿನವೂ ಕಣ್ಣಿಗೆ ಕಟ್ಟಿದಂತಿರುವ ಒಂದು ಶಾಟನ್ನು, ಪುಸ್ತಕವಾದರೆ ಒಂದು ವಾಕ್ಯವನ್ನು ಆರಿಸಿಕೊಂಡು ಅದರಲ್ಲಿ ಏನಿತ್ತೆಂದು ಬರೆಯಿರಿ. ಕ್ಯಾಮೆರಾ ಎಷ್ಟು ದೂರದಲ್ಲಿತ್ತು, ಯಾರ ಮುಖ ಕಾಣುತ್ತಿತ್ತು, ಯಾರದು ಕಾಣುತ್ತಿರಲಿಲ್ಲ, ಯಾವ ಸದ್ದು ಕೇಳುತ್ತಿತ್ತು ಎಂಬಷ್ಟನ್ನು ಬರೆದರೆ ಸಾಕು. ‘ಮನಮುಟ್ಟುವಂತಿದೆ’ ಎನ್ನಿಸಿದ್ದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ಆ ವಿವರಗಳೊಳಗೇ ಸಿಗುತ್ತದೆ. ಇನ್ನು ನಿಮಗೆ ಅರ್ಥವಾಗದ್ದನ್ನು ಪ್ರಶ್ನೆಯ ರೂಪದಲ್ಲೇ ಬರೆದಿಡಿ, ಅರ್ಥವಾದಂತೆ ನಟಿಸಿ ಬರೆದ ಪುಟದಿಂದ ಮುಂದೆ ನಿಮಗೇ ಉಪಯೋಗವಾಗುವುದಿಲ್ಲ.

ಇದಕ್ಕಿಂತ ಕಷ್ಟದ, ಆದರೆ ಹೆಚ್ಚು ಫಲ ಕೊಡುವ ಅಭ್ಯಾಸವನ್ನು ರಾಯ್ ಅವರಿಂದ ಕಲಿಯಬಹುದು. ಜಾಹೀರಾತು ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಅವರು ಗೆಳೆಯರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದ್ದು 1947ರಲ್ಲಿ, ‘ಪಥೇರ್ ಪಾಂಚಾಲಿ’ ತೆರೆಗೆ ಬರುವ ಎಂಟು ವರ್ಷ ಮೊದಲು. ಆ ದಿನಗಳ ಅವರ ಹವ್ಯಾಸ ಕುತೂಹಲಕರವಾಗಿತ್ತು: ಯಾವುದಾದರೊಂದು ಕಥೆ ಚಿತ್ರವಾಗಲಿದೆಯೆಂದು ಪ್ರಕಟಣೆ ಬಂದರೆ, ಅದರ ಚಿತ್ರಕಥೆಯನ್ನು ತಾವೇ ಬರೆದಿಟ್ಟುಕೊಂಡು, ಚಿತ್ರ ಬಿಡುಗಡೆಯಾದ ಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದರು. ನೀವು ಇಡೀ ಚಿತ್ರಕಥೆಯನ್ನು ಬರೆಯಬೇಕಾಗಿಲ್ಲ. ಓದುತ್ತಿರುವ ಕಾದಂಬರಿಯ ಒಂದು ಅಧ್ಯಾಯವನ್ನು ಮಾತಿಲ್ಲದೆ, ಶಾಟುಗಳಲ್ಲಿ ಮಾತ್ರ ಬರೆಯಲು ಪ್ರಯತ್ನಿಸಿ. ಲೇಖಕರು ಅರ್ಧ ವಾಕ್ಯದಲ್ಲಿ ಮುಗಿಸಿದ ಸಂಗತಿಗೆ ನೀವು ಎರಡು ಪುಟ ತೆಗೆದುಕೊಳ್ಳುತ್ತೀರಿ, ಅವರು ಎರಡು ಪುಟ ಬರೆದ ಕೋಣೆಯ ವರ್ಣನೆಯನ್ನು ನಿಮ್ಮ ಒಂದು ಶಾಟ್ ಮುಗಿಸಿಬಿಡುತ್ತದೆ. ಆಮೇಲೆ ನಿರ್ದೇಶಕರನ್ನು ಬಯ್ಯುವಾಗ ನಿಮ್ಮ ಬೈಗುಳ ಹೆಚ್ಚು ನಿಖರವಾಗಿರುತ್ತದೆ.

ಪ್ರಶ್ನೆ: ನೋಡಬೇಕಾದ ಚಿತ್ರಗಳ ಪಟ್ಟಿ ಬೆಳೆಯುತ್ತಲೇ ಇದೆ. ಹಾಗಾಗಿ ಕೆಲವನ್ನು ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸುತ್ತೇನೆ. ಪರಭಾಷೆಯ ಚಿತ್ರಗಳನ್ನು ಸಬ್‌ಟೈಟಲ್ ನಂಬಿಕೊಂಡು ನೋಡುತ್ತೇನೆ. ಇಂಥ ನೋಟದಿಂದ ಹುಟ್ಟಿದ ಅಭಿಪ್ರಾಯಕ್ಕೆ ಬೆಲೆಯಿದೆಯೇ?

ಉತ್ತರ: ಸಬ್‌ಟೈಟಲ್ ಅನಿವಾರ್ಯ, ವೇಗ ಅನಿವಾರ್ಯವಲ್ಲ. ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಸಿಗುವುದು ಎರಡು ಸಾಲು, ಸಾಲಿಗೆ ಹೆಚ್ಚೆಂದರೆ 40 ಅಕ್ಷರಗಳ ಸುತ್ತಮುತ್ತ ಜಾಗ, ಓದಿ ಮುಗಿಸಲು ಕೆಲವೇ ಸೆಕೆಂಡು. ಆದ್ದರಿಂದ ಆಡಿದ ಮಾತೆಲ್ಲ ಅಲ್ಲಿ ಇರುವುದಿಲ್ಲ. ಆಡುನುಡಿಯ ಭೇದಗಳು, ಮರ್ಯಾದೆಯ ಏರಿಳಿತಗಳು, ಹಾಸ್ಯ ಮೊದಲು ಉದುರಿಹೋಗುತ್ತವೆ. ಇದನ್ನು ನೆನಪಿಟ್ಟುಕೊಂಡು, ಭಾಷೆ ತಿಳಿಯದ ಚಿತ್ರದ ಸಂಭಾಷಣೆಯನ್ನು ಹೊಗಳುವುದನ್ನೂ ತೆಗಳುವುದನ್ನೂ ಸ್ವಲ್ಪ ತಡೆಹಿಡಿಯಿರಿ. ಎರಡನೆಯ ಸಲ ನೋಡುವಾಗ ಕೆಲವು ದೃಶ್ಯಗಳಲ್ಲಿ ಸಬ್‌ಟೈಟಲ್ ತೆಗೆದು ಮುಖಗಳನ್ನೇ ನೋಡಿದರೆ, ಓದುವ ಗಡಿಬಿಡಿಯಲ್ಲಿ ನಟರು ಎಷ್ಟು ತಪ್ಪಿಹೋಗಿದ್ದರೆಂದು ತಿಳಿಯುತ್ತದೆ.

ವೇಗದ ವಿಷಯಕ್ಕೆ ಬಂದರೆ, ಪುಸ್ತಕವನ್ನು ಎಷ್ಟು ಬೇಗ ಓದಬೇಕೆಂದು ಓದುಗ ನಿರ್ಧರಿಸುತ್ತಾನೆ, ಚಿತ್ರ ಎಷ್ಟು ಬೇಗ ಸಾಗಬೇಕೆಂದು ಸಂಕಲನಕಾರ ನಿರ್ಧರಿಸಿರುತ್ತಾನೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದ ಚಿತ್ರದಲ್ಲಿ ಒಂದು ಮೌನವನ್ನು ಇನ್ನು 12 ಚೌಕಟ್ಟು ಉಳಿಸಬೇಕೇ ಬೇಡವೇ ಎಂದು ಅವನು ಗಂಟೆಗಟ್ಟಲೆ ತಲೆಕೆಡಿಸಿಕೊಂಡಿರುತ್ತಾನೆ. ಆ ಮೌನವನ್ನು ಮೂರನೆಯ ಒಂದು ಭಾಗ ಕತ್ತರಿಸಿ ನೋಡಿದ ಮೇಲೆ ‘ಚಿತ್ರ ಭಾವನೆಗಳನ್ನು ಸರಿಯಾಗಿ ಕಟ್ಟಿಕೊಟ್ಟಿಲ್ಲ’ ಎಂದು ಬರೆಯುವುದು ನ್ಯಾಯವಲ್ಲ. ಪಟ್ಟಿ ಮುಗಿಸುವ ಆತುರವಿದ್ದರೆ ಪಟ್ಟಿಯನ್ನೇ ಕಿರಿದು ಮಾಡಿ. ಅದು ಆಗದಿದ್ದರೆ, ಅಂಥ ಚಿತ್ರದ ಟಿಪ್ಪಣಿಯ ತಲೆಯಲ್ಲಿ ‘ಮೊಬೈಲಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದು’ ಎಂದು ಬರೆಯಿರಿ, ನಕ್ಷತ್ರಗಳನ್ನು ಮಾತ್ರ ಕೊಡಬೇಡಿ.